ಕೊಡುವ ಕೈಗೆ ಕಣ್ಣೂ ಇರಲಿ

(ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ದಾನದ ಹೆಸರಿನಲ್ಲಿ ನಡೆಯುವ ಮೋಸದ ಬಗ್ಗೆ ಮಾತಾಡಿ ಅಂತ ನನಗೆ ಹೇಳಿದ್ದಾರೆ. ಬಾಗಿಲಲ್ಲೇ ಒಬ್ಬ ಅಕ್ಕ ನನ್ನ ತಡೆದು ಕೇಳಿದರು: "ನಾವೇ ಸಾಲ ತೆಗ್ದು ತುಂಬೋರು. ನಮಗೆಂತಕ್ಕೆ ಈ ವಿಷಯ? ದಾನ ಮಾಡೋರು ದೊಡ್ಡೋರಲ್ವಾ?" ನಾನು ಅವರಿಗೆ ಆಗ ಉತ್ತರ ಕೊಡಲಿಲ್ಲ, ಈಗ ಕೊಡ್ತೇನೆ.

2021ರ ಜುಲೈ ತಿಂಗಳಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದು ಮನೆ, ತೋಟ ಎಲ್ಲ ಹೋಯಿತು. ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. ಆಗ ಅಕ್ಕಿ ಕೊಟ್ಟವರು ಯಾರು, ಚಾದರ ಕೊಟ್ಟವರು ಯಾರು? 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಬಿದ್ದಾಗ, ಅದೇ ತಿಂಗಳ 30ರಂದು ವಯನಾಡಿನಲ್ಲಿ ಊರಿಗೆ ಊರೇ ಮಣ್ಣಿನಡಿ ಹೋದಾಗ, ವಾರದ ಉಳಿತಾಯದ ಜೊತೆ ಹತ್ತೋ ಇಪ್ಪತ್ತೋ ಬೇರೆ ತೆಗೆದಿಟ್ಟ ಸಂಘಗಳು ಇಲ್ಲೇ ಕೂತಿವೆ. ದೊಡ್ಡವರು ಕೊಟ್ಟರೆ ಪೇಪರಿನಲ್ಲಿ ಫೋಟೊ ಬರ್ತದೆ. ನೀವು ಕೊಟ್ಟದ್ದು ಠರಾವು ಪುಸ್ತಕದಲ್ಲಿ ಮಾತ್ರ ಇರ್ತದೆ, ಕೆಲವು ಸಲ ಅಲ್ಲಿಯೂ ಇರೋದಿಲ್ಲ. ಬಡವರು ಬೇಗ ಕೊಡ್ತಾರೆ, ಲೆಕ್ಕ ಕೇಳೋದಿಲ್ಲ ಅನ್ನುವುದು ಮೋಸ ಮಾಡುವವನಿಗೆ ಚೆನ್ನಾಗಿ ಗೊತ್ತು. ನೂರು ಇನ್ನೂರು ಹೋದರೆ ಯಾರೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತೋದಿಲ್ಲ ಅಂತಲೂ ಗೊತ್ತು. ಸಾವಿರ ಜನರಿಂದ ನೂರು ನೂರು ಬಂದರೆ ಒಂದು ಲಕ್ಷ ಆಯಿತಲ್ಲ.

ಈಗ ನಮ್ಮದೇ ಒಂದು ಸಂಘದ ಕಥೆ ಹೇಳ್ತೇನೆ. ಊರು ಹೇಳೋದಿಲ್ಲ, ಹೆಸರೂ ಹೇಳೋದಿಲ್ಲ. ಆಕೆಯ ಒಪ್ಪಿಗೆ ತೆಗೊಂಡೇ ಹೇಳ್ತಾ ಇದ್ದೇನೆ.

ಆಕೆ ಸಂಘದ ಎರಡನೇ ಪ್ರತಿನಿಧಿ. ಈಗೀಗ ಸದಸ್ಯೆಯರು ಉಳಿತಾಯವನ್ನು ಫೋನಿನಲ್ಲೇ ಹಾಕ್ತಾರಲ್ಲ, ಹಾಗೆ ಆಕೆಯ ಖಾತೆಗೆ ಬಂದ ಸಂಘದ ಹಣ ಸೋಮವಾರ ಬ್ಯಾಂಕಿಗೆ ತುಂಬುವುದಿತ್ತು. ಆಕೆಯ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಮೇಲಿನ ಗುಡ್ಡದ ಗೇರು ಮರದ ಹತ್ತಿರ ಹೋದರೆ ಸಿಗ್ತದೆ. ಶನಿವಾರ ಸಂಜೆ ಅಲ್ಲಿ ಹೋಗಿ ಮೊಬೈಲು ತೆಗೆದರೆ ಮೂರು ದಿನದ ಮೆಸೇಜುಗಳು ಒಟ್ಟಿಗೇ ಬಂದವು. ಅದರಲ್ಲಿ ಒಂದು ಮಗುವಿನ ಫೋಟೊ. ಮೂಗಿಗೆ ನಳಿಕೆ, ಎದೆಗೆ ಪಟ್ಟಿ. ಎಂಟು ತಿಂಗಳ ಕೂಸು, ಹೃದಯದ ಆಪರೇಶನ್, ಇವತ್ತು ರಾತ್ರಿಯೊಳಗೆ ಹಣ ಕಟ್ಟದಿದ್ದರೆ ಉಳಿಯೋದಿಲ್ಲ ಅಂತ ಬರೆದಿತ್ತು. ಕೆಳಗೆ ಕ್ಯೂಆರ್ ಕೋಡು.

ಆಕೆಯ ಅಣ್ಣನ ಮಗು ಹೋದದ್ದು ಹಾಗೇ. ಹುಬ್ಬಳ್ಳಿಗೆ ಒಯ್ಯುವ ದಾರಿಯಲ್ಲಿ. ಆ ಫೋಟೊ ನೋಡಿ ಆಕೆಗೆ ನಿಲ್ಲಲಿಕ್ಕಾಗಲಿಲ್ಲ. ಜೊತೆಗಿದ್ದ ಹುಡುಗನ ಹತ್ತಿರ ಕೇಳಿ ಫೋಟೊದಲ್ಲಿದ್ದ ಕೋಡು ಹಾಕಿಸಿದಳು. ಪಿನ್ ಒತ್ತುವ ಮೊದಲು ಯಾರದೋ ಗಂಡಸಿನ ಹೆಸರು ಬಂತಂತೆ. ಆಸ್ಪತ್ರೆಯ ಹೆಸರಲ್ಲ, ಮೆಸೇಜಿನಲ್ಲಿ ಬರೆದ ಅಪ್ಪನ ಹೆಸರೂ ಅಲ್ಲ. "ಮಗುವಿನ ಮಾವನೋ ಯಾರೋ ಇರಬೇಕು ಅಂದ್ಕಂಡೆ ಅಕ್ಕಾ" ಅಂದಳು ನನ್ನ ಹತ್ತಿರ. ಸಂಘದ 3,400 ರೂಪಾಯಿ ಹೋಯಿತು. ಸೋಮವಾರದೊಳಗೆ ಗಂಡನ ಕೂಲಿ ಬರ್ತದೆ, ತುಂಬ್ತೇನೆ ಅಂತ ಲೆಕ್ಕ ಹಾಕಿದ್ದಳು. ಆ ವಾರ ಮಳೆ, ಕೂಲಿ ಇಲ್ಲ.

ಮುಂದಿನ ಎರಡು ಸಭೆಗೆ ಆಕೆ ಬರಲಿಲ್ಲ. ಒಮ್ಮೆ ಜ್ವರ ಅಂದಳು, ಒಮ್ಮೆ ಬ್ಯಾಂಕಿನಲ್ಲಿ ಸರ್ವರ್ ಇಲ್ಲ ಅಂದಳು. ಎರಡು ತಿಂಗಳಿಗೆ ಪಾಸ್‌ಬುಕ್ ತಾಳೆ ನೋಡುವಾಗ ವಿಷಯ ಹೊರಗೆ ಬಂತು. ಸಂಘದಲ್ಲಿ ಕೂಗಾಟ. ಹಣ ತಿಂದಳು ಅಂದರು. ಹನ್ನೊಂದು ವರ್ಷದಿಂದ ಒಂದು ರೂಪಾಯಿ ಆಚೀಚೆ ಮಾಡದವಳು.

ನಾನು ಮನೆಗೆ ಹೋದೆ. ಆಕೆ ಮೊಬೈಲು ತೆಗೆದು ಆ ಮೆಸೇಜು ತೋರಿಸಿದಳು. ಅದು ಅವಳಿಗೆ ಎಲ್ಲಿಂದ ಬಂದಿತ್ತು ಗೊತ್ತುಂಟಾ? ನನ್ನ ನಂಬರಿನಿಂದ. ಒಕ್ಕೂಟದ ಗುಂಪಿಗೆ "ದಯವಿಟ್ಟು ಎಲ್ಲರಿಗೂ ಶೇರ್ ಮಾಡಿ" ಅಂತ ಕೈಮುಗಿದ ಚಿತ್ರ ಹಾಕಿ ಕಳಿಸಿದವಳು ನಾನೇ. ನಾನು ಆ ಮಗುವಿಗೆ ಒಂದು ರೂಪಾಯಿಯನ್ನೂ ಕೊಟ್ಟಿರಲಿಲ್ಲ. ಶೇರ್ ಮಾಡಿದ್ದೇ ನನ್ನ ದಾನ ಆಗಿತ್ತು. ನನ್ನ ಹೆಸರು ನೋಡಿಯೇ ಆಕೆ ನಂಬಿದ್ದು.

ಆಮೇಲೆ ವಿಚಾರಿಸಿದಾಗ ತಿಳಿಯಿತು, ಫೋಟೊದ ಮಗು ಸುಳ್ಳಲ್ಲ. ಬೇರೆ ರಾಜ್ಯದ್ದು, ಅದರ ಮನೆಯವರು ಕೆಲವು ವರ್ಷಗಳ ಹಿಂದೆ ನಿಜವಾಗಿಯೇ ಸಹಾಯ ಕೇಳಿದ್ದರು. ಆ ಬೇಡಿಕೆಯನ್ನು ಯಾರೋ ಎತ್ತಿಕೊಂಡು, ಬರಹ ಹಾಗೇ ಇಟ್ಟು, ಕೆಳಗಿನ ಕೋಡು ಮಾತ್ರ ಬದಲಿಸಿದ್ದಾರೆ. ಕಣ್ಣೀರು ನಿಜ, ಖಾತೆ ಸುಳ್ಳು.

ಅಂದಿನಿಂದ ನಾನು ಹಿಡಿದುಕೊಂಡ ಪಾಠ ಒಂದೇ. ಕಥೆ ನಿಜವಾ ಸುಳ್ಳಾ ಅಂತ ನೋಡ್ತಾ ಕೂರಬೇಡಿ, ಅದು ನಮ್ಮ ನಿಮ್ಮ ಕೈಯಲ್ಲಿ ಆಗುವ ಕೆಲಸ ಅಲ್ಲ. ಹಣ ಹೋಗಿ ಬೀಳುವ ಜಾಗ ಯಾವುದು ಅಂತ ನೋಡಿ. ಮಾರ್ಕನ ಶುಭಸಂದೇಶದಲ್ಲಿ ಎರಡು ಕಾಸು ಹಾಕಿದ ಬಡ ವಿಧವೆಯ ಪ್ರಸಂಗ ನಮ್ಮ ಕ್ರೈಸ್ತ ಅಕ್ಕತಂಗಿಯರಿಗೆ ಗೊತ್ತಿದೆ, ಬೇರೆಯವರೂ ಕೇಳಿರ್ತೀರಿ. ಆಕೆ ಇದ್ದದ್ದನ್ನೆಲ್ಲ ಕೊಟ್ಟಳು ಅಂತ ನಾವು ಹೇಳ್ತೇವೆ. ಆದರೆ ಆಕೆ ಹಾಕಿದ್ದು ದೇವಾಲಯದೊಳಗೆ ಇಟ್ಟಿದ್ದ ಪೆಟ್ಟಿಗೆಗೆ. ದಾರಿಯಲ್ಲಿ ಪೆಟ್ಟಿಗೆ ಹಿಡಿದು ನಿಂತವನಿಗೆ ಅಲ್ಲ.

ಹಣ ಬೀಳುವ ಜಾಗವನ್ನು ಹೇಗೆ ಬದಲಿಸ್ತಾರೆ ಅನ್ನುವುದಕ್ಕೆ ನಡೆದ ಸಂಗತಿಗಳನ್ನೇ ಹೇಳ್ತೇನೆ. 2020ರ ಮಾರ್ಚ್ ಕೊನೆಗೆ, ಕೊರೊನಾ ಶುರುವಾದಾಗ, ಪ್ರಧಾನ ಮಂತ್ರಿಗಳ ಹೆಸರಿನ ಪಿಎಂ ಕೇರ್ಸ್ ನಿಧಿ ಘೋಷಣೆ ಆಯಿತು. ಅದರ ಯುಪಿಐ ವಿಳಾಸ 'ಪಿಎಂಕೇರ್ಸ್' ಅಂತ ಶುರುವಾಗ್ತದೆ. ಅದು ಹೊರಬಿದ್ದ ಕೂಡಲೇ 'ಪಿಎಂಕೇರ್' ಅಂತ ಇನ್ನೊಂದು ವಿಳಾಸ ಹುಟ್ಟಿತು. ಇಂಗ್ಲಿಷಿನಲ್ಲಿ ಬರೆದರೆ ಕೊನೆಯ ಒಂದೇ ಒಂದು ಅಕ್ಷರ ಕಮ್ಮಿ. ದೆಹಲಿ ಪೊಲೀಸರು ಎಚ್ಚರಿಸಿ ಅದನ್ನು ಬಂದ್ ಮಾಡಿಸಿದರು. ಇಂಗ್ಲಿಷ್ ಓದಿದವರಿಗೇ ಗೊತ್ತಾಗದ ವ್ಯತ್ಯಾಸ ಅದು.

ದೇವರ ಹೆಸರನ್ನೂ ಬಿಟ್ಟಿಲ್ಲ. ಕಲಬುರಗಿ ಜಿಲ್ಲೆ ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದ ದತ್ತಾತ್ರೇಯ ದೇವಸ್ಥಾನಕ್ಕೆ ನಮ್ಮ ಕಡೆಯಿಂದಲೂ ಜನ ಹೋಗ್ತಾರೆ. 2022ರಲ್ಲಿ ಅಲ್ಲಿ, ದೇವಸ್ಥಾನದ ಹೆಸರಿನಲ್ಲಿ ನಕಲಿ ವೆಬ್‌ಸೈಟುಗಳನ್ನು ಮಾಡಿ ಭಕ್ತರಿಂದ ಪೂಜೆ, ಕಾಣಿಕೆ ಅಂತ ಹಣ ತೆಗೆದುಕೊಂಡ ಆರೋಪದಲ್ಲಿ ಕೆಲವು ಅರ್ಚಕರ ಮೇಲೆಯೇ ಕೇಸು ದಾಖಲಾಯಿತು. ಹಾಗೆ ಹೋದದ್ದು 20 ಕೋಟಿಯಷ್ಟು ಅಂತ ಆಗ ಪತ್ರಿಕೆಗಳು ಬರೆದವು. ಸರ್ಕಾರದ ಮುಜರಾಯಿ ದೇವಸ್ಥಾನ ಅದು. ಹುಂಡಿ ಅಲ್ಲೇ ಇತ್ತು, ಹಣ ಮಾತ್ರ ಬೇರೆ ದಾರಿ ಹಿಡಿದಿತ್ತು. 2024ರ ಜನವರಿಯಲ್ಲಿ ಅಯೋಧ್ಯೆಯ ಪ್ರತಿಷ್ಠಾಪನೆಗೆ ಮುಂಚೆ ಕೂಡ ಕ್ಯೂಆರ್ ಕೋಡು ಹಾಕಿ ದೇಣಿಗೆ ಕೇಳುವ ಮೆಸೇಜುಗಳು ಹರಿದಾಡಿದವು. ಹಾಗೆ ಹಣ ಎತ್ತಲಿಕ್ಕೆ ಯಾರಿಗೂ ಅನುಮತಿ ಕೊಟ್ಟಿಲ್ಲ ಅಂತ ವಿಶ್ವ ಹಿಂದೂ ಪರಿಷತ್ತಿನವರೇ ಪೊಲೀಸರಿಗೆ ದೂರು ಕೊಡಬೇಕಾಯಿತು. ನಮ್ಮ ಧರ್ಮಾಧ್ಯಕ್ಷರ, ಫಾದರ್‌ಗಳ ಫೋಟೊ ಹಾಕಿ "ನಾನು ಮೀಟಿಂಗಿನಲ್ಲಿದ್ದೇನೆ, ಒಬ್ಬ ರೋಗಿಗೆ ಅರ್ಜೆಂಟ್ ಬೇಕು" ಅಂತ ಕೇಳುವವರೂ ಇದ್ದಾರೆ. ಫಾದರ್ ಹೆಸರಿನಲ್ಲಿ ಹಾಗೆ ಬಂದರೆ ನಾಚಿಕೆ ಬೇಡ, ಫಾದರ್ ಅವರ ಹಳೆಯ ನಂಬರಿಗೇ ಫೋನ್ ಮಾಡಿ ಕೇಳಿ. ಅವರಿಗೆ ಬೇಸರ ಆಗೋದಿಲ್ಲ. ಆದರೂ ಅಡ್ಡಿಯಿಲ್ಲ.

ವಯನಾಡಿನ ದುರಂತದ ಹೊತ್ತಿಗೆ ಕೇರಳ ಸರ್ಕಾರವು ಮುಖ್ಯಮಂತ್ರಿಗಳ ಪರಿಹಾರ ನಿಧಿಯ ಕ್ಯೂಆರ್ ಕೋಡನ್ನೇ ಹಿಂದಕ್ಕೆ ತೆಗೆದುಕೊಂಡಿತು, ದುರುಪಯೋಗ ಆಗಬಾರದು ಅಂತ. ಒಂದು ಸರ್ಕಾರಕ್ಕೇ ಕೋಡಿನ ಮೇಲೆ ಭರವಸೆ ಇಲ್ಲ ಅಂದ ಮೇಲೆ ವಾಟ್ಸ್ಯಾಪಿನಲ್ಲಿ ಬಂದ ಚೌಕಳಿ ಚಿತ್ರವನ್ನು ನಾವು ಎಂತಕ್ಕೆ ನಂಬಬೇಕು? ನಮ್ಮ ಶಿರೂರಿನದನ್ನೇ ತೆಗೆದುಕೊಳ್ಳಿ. ಮಣ್ಣಿನಡಿ ಹೋದ ಕೇರಳದ ಲಾರಿ ಚಾಲಕನ ಮನೆಯವರು, ತಮ್ಮ ಹೆಸರಿನಲ್ಲಿ ಹಣ ಎತ್ತಲಾಗ್ತಿದೆ, ತಾವು ಯಾರ ಹತ್ತಿರವೂ ಕೇಳಿಲ್ಲ ಅಂತ ಪತ್ರಿಕೆಯವರ ಮುಂದೆ ಬಂದು ಹೇಳುವ ಪರಿಸ್ಥಿತಿ ಬಂತು. ಹೆಣ ಸಿಕ್ಕಿ ಇನ್ನೂ ಹೆಚ್ಚು ದಿನ ಆಗಿರಲಿಲ್ಲ.

ಹಾಗಾದರೆ ಕೊಡುವುದನ್ನೇ ನಿಲ್ಲಿಸೋಣವಾ? ಹಾಗಂತ ನಾನು ಹೇಳೋದಿಲ್ಲ. ನಿಮಗೆ ಹೊಸದಾಗಿ ಕಲಿಸಲಿಕ್ಕೆ ನನ್ನ ಹತ್ತಿರ ಏನೂ ಇಲ್ಲ, ನಿಮ್ಮ ಸಂಘದಲ್ಲಿ ಎಲ್ಲ ಇದೆ. ಒಬ್ಬ ಸದಸ್ಯೆ ಐನೂರು ರೂಪಾಯಿ ಸಾಲ ಕೇಳಿದರೆ ಏನು ಮಾಡ್ತೀರಿ? ಎಂತಕ್ಕೆ ಅಂತ ಕೇಳ್ತೀರಿ, ಎಲ್ಲರೂ ಕೂತು ಮಾತಾಡ್ತೀರಿ, ಠರಾವು ಬರೀತೀರಿ, ಇಬ್ಬರು ಪ್ರತಿನಿಧಿಗಳು ಸಹಿ ಹಾಕ್ತಾರೆ, ಪಾವತಿ ತೆಗೆದಿಡ್ತೀರಿ. ನಮ್ಮದೇ ಸದಸ್ಯೆಗೆ ಇಷ್ಟು ಕೇಳ್ತೀರಿ, ಗುರುತಿಲ್ಲದವನಿಗೆ ಕೊಡುವಾಗ ಏನೂ ಇಲ್ಲ! ದಾನಕ್ಕೂ ಅದೇ ಕ್ರಮ ಇರಲಿ. ಸಂಘದ ಹಣವಂತೂ ಠರಾವು ಇಲ್ಲದೆ ಒಂದು ರೂಪಾಯಿ ಹೊರಗೆ ಹೋಗಬಾರದು. ಮುಂದಿನ ಸಭೆಯವರೆಗೆ ಕಾಯಬೇಕಾಗ್ತದೆ ನಿಜ. "ಇವತ್ತೇ, ಈಗಲೇ" ಅಂತ ಅವಸರ ಮಾಡುವವನು ಆ ಒಂದು ವಾರ ತಾಳೋದಿಲ್ಲ, ತಾನಾಗಿಯೇ ಬಿಟ್ಟು ಹೋಗ್ತಾನೆ. ನಿಜವಾದ ಆಸ್ಪತ್ರೆ, ನಿಜವಾದ ಆಶ್ರಮ ಮುಂದಿನ ವಾರವೂ ಅಲ್ಲೇ ಇರ್ತದೆ.

ರೋಗಿಗೆ ಕೊಡುವುದಾದರೆ ಆಸ್ಪತ್ರೆಯ ಖಾತೆಗೆ, ಆ ರೋಗಿಯ ನಂಬರು ಹೇಳಿ ಕಟ್ಟಬಹುದಾ ಅಂತ ಕೇಳಿ. ಆಸ್ಪತ್ರೆಯ ಫೋನ್ ನಂಬರನ್ನು ಮೆಸೇಜಿನಿಂದ ತೆಗೆಯಬೇಡಿ, ಬೇರೆ ಕಡೆಯಿಂದ ಹುಡುಕಿ. ಫೋನಿನಲ್ಲಿ ಕಳಿಸುವಾಗ ಪಿನ್ ಒತ್ತುವ ಮೊದಲು ಪರದೆಯ ಮೇಲೆ ಖಾತೆಯವರ ಹೆಸರು ಬರ್ತದೆ. ಅಲ್ಲಿ ಒಂದು ಗಳಿಗೆ ನಿಲ್ಲಿ. ಆಶ್ರಮಕ್ಕೆ ಕಳಿಸ್ತಾ ಇದ್ದೇನೆ, ಹೆಸರು ಯಾರದೋ ವ್ಯಕ್ತಿಯದ್ದು ಬಂತು ಅಂದರೆ ಅಲ್ಲಿಗೇ ಬಿಡಿ. ಇನ್ನೊಂದು, ಹಣ ಕಳಿಸಲಿಕ್ಕೆ ಮಾತ್ರ ಪಿನ್ ಬೇಕು. ಹಣ ಬರಲಿಕ್ಕೆ ಪಿನ್ ಬೇಡವೇ ಬೇಡ. ಇದನ್ನು ಮನೆಯ ಗಂಡಸರಿಗೂ ಹೇಳಿ, ಅವರಿಗೂ ಗೊತ್ತಿಲ್ಲ.

ಮನೆ ಬಾಗಿಲಿಗೆ ಬರುವವರ ಮಾತು ಸ್ವಲ್ಪ ಬೇರೆ. ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಸರಿಯಾಗಿ ಬರ್ತಾರೆ. ಕೈಯಲ್ಲಿ ಮಕ್ಕಳ ಫೋಟೊದ ಆಲ್ಬಮ್, ಪ್ಲಾಸ್ಟಿಕ್ ಹಾಕಿಸಿದ ಸರ್ಟಿಫಿಕೇಟು, ರಸೀದಿ ಪುಸ್ತಕ. ಎಲ್ಲರೂ ಕಳ್ಳರಲ್ಲ, ಇದನ್ನು ಒತ್ತಿ ಹೇಳ್ತೇನೆ. ನಿಜವಾಗಿ ಅನಾಥ ಮಕ್ಕಳನ್ನು ನೋಡಿಕೊಳ್ಳುವ ಸಣ್ಣ ಸಂಸ್ಥೆಗಳಿಗೆ ಬೇರೆ ದಾರಿ ಇರೋದಿಲ್ಲ. ಹಾಗಾಗಿ ನಾಯಿ ಬಿಟ್ಟು ಓಡಿಸಬೇಡಿ. ಒಂದು ಲೋಟ ನೀರು ಕೊಡಿ, ವಿಳಾಸ ಬರೆಸಿಕೊಳ್ಳಿ. "ಸಂಘದಲ್ಲಿ ಮಾತಾಡಿ ನಿಮ್ಮ ಸಂಸ್ಥೆಯ ಬ್ಯಾಂಕ್ ಖಾತೆಗೇ ಹಾಕ್ತೇವೆ" ಅನ್ನಿ. ನಿಜವಾದವರು ಖುಷಿಯಿಂದ ಖಾತೆ ನಂಬರು ಬರೆದು ಕೊಡ್ತಾರೆ. ಸರ್ಟಿಫಿಕೇಟು ನೋಡಿ ಮರುಳಾಗಬೇಡಿ. ಸೊಸೈಟಿ ಕಾಯ್ದೆಯಲ್ಲಿ ನೋಂದಣಿ ಆಗಿದೆ ಅಂದರೆ ನೋಂದಣಿ ಆಗಿದೆ ಅಂತ ಅಷ್ಟೇ ಅರ್ಥ, ಒಳ್ಳೆಯ ಕೆಲಸ ಮಾಡ್ತಾರೆ ಅಂತ ಸರ್ಕಾರ ಬರೆದುಕೊಟ್ಟದ್ದಲ್ಲ. ರಸೀದಿಯ ಮೇಲೆ ಸಂಸ್ಥೆಯ ಪ್ಯಾನ್ ನಂಬರು, 80ಜಿ ಅಂತ ಬರೆದದ್ದು ಇದ್ದರೆ ಅದನ್ನು ವಿಚಾರಿಸಿ ನೋಡಬಹುದು. ನಿಮಗಾಗದಿದ್ದರೆ ನಮ್ಮ ಕಚೇರಿಗೆ ಫೋಟೊ ಕಳಿಸಿ, ಕಾರ್ಯಕರ್ತೆಯರು ನೋಡಿ ಹೇಳ್ತಾರೆ.

ಇನ್ನು ದೊಡ್ಡ ವಿಷಯಕ್ಕೆ ಬರ್ತೇನೆ. ಇಷ್ಟು ಹೊತ್ತು ಕೊಡುವಾಗಿನ ಮೋಸ ಹೇಳಿದೆ. ನಮಗೇ ದಾನ ಕೊಡ್ತೇವೆ ಅಂತ ಬರುವ ಮೋಸ ಇದಕ್ಕಿಂತ ಜೋರು, ಯಾಕೆಂದರೆ ಅದು ಸಂಘಗಳನ್ನೇ ಹುಡುಕಿಕೊಂಡು ಬರ್ತದೆ.

ಕೇರಳದಲ್ಲಿ ಏನಾಯಿತು ಕೇಳಿ. ದೊಡ್ಡ ಕಂಪನಿಗಳು ಲಾಭದ ಒಂದು ಪಾಲನ್ನು ಸಮಾಜಸೇವೆಗೆ ಕೊಡಬೇಕು ಅಂತ ಕಾನೂನು ಇದೆ, ಸಿಎಸ್‌ಆರ್ ಹಣ ಅಂತಾರೆ. ಆ ದಾನದ ಹಣದಲ್ಲಿ ಮಹಿಳೆಯರಿಗೆ ಅರ್ಧ ಬೆಲೆಗೆ ಸ್ಕೂಟರ್, ಹೊಲಿಗೆ ಯಂತ್ರ, ಲ್ಯಾಪ್‌ಟಾಪ್ ಕೊಡಿಸ್ತೇವೆ, ಉಳಿದ ಅರ್ಧ ಕಂಪನಿಯವರು ತುಂಬ್ತಾರೆ ಅಂತ ಒಬ್ಬ ವ್ಯಕ್ತಿ ಜಾಲ ಕಟ್ಟಿದ. ಸ್ಕೂಟರಿಗೆ ಅಂತ ಒಬ್ಬೊಬ್ಬ ಹೆಣ್ಣುಮಗಳು 60,000 ರೂಪಾಯಿಯಷ್ಟು ಮೊದಲೇ ಕಟ್ಟಿದಳು. ಮೊದಮೊದಲು ಕಟ್ಟಿದವರಿಗೆ ಸ್ಕೂಟರ್ ಬಂತು! ಮಂತ್ರಿಗಳು, ಶಾಸಕರು ಬಂದು ಕೀಲಿಕೈ ಕೊಟ್ಟರು, ಫೋಟೊ ಬಂತು. ಅದನ್ನು ನೋಡಿ ಸಾವಿರಾರು ಜನ ಕಟ್ಟಿದರು. ಆಮೇಲೆ ಸ್ಕೂಟರೂ ಇಲ್ಲ, ಹಣವೂ ಇಲ್ಲ. 2025ರ ಫೆಬ್ರವರಿ ಹೊತ್ತಿಗೆ ಆ ವ್ಯಕ್ತಿಯ ಬಂಧನ ಆಯಿತು, ನೂರಾರು ಕೋಟಿ ಲೆಕ್ಕ ಹೊರಗೆ ಬಂತು. ನನಗೆ ಹೆದರಿಕೆ ಆದದ್ದು ಇದಕ್ಕಲ್ಲ. ಆ ಜಾಲದಲ್ಲಿ ಊರೂರಿನ ಒಳ್ಳೆಯ ಸೇವಾ ಸಂಸ್ಥೆಗಳೂ ಸಿಕ್ಕಿಬಿದ್ದವು. ವರ್ಷಾನುಗಟ್ಟಲೆ ಹೆಂಗಸರ ನಡುವೆ ಕೆಲಸ ಮಾಡಿದವರು, ಇದು ಬಡವರಿಗೆ ಒಳ್ಳೆಯದಾಗ್ತದೆ ಅಂತ ನಂಬಿ ತಾವೇ ಹಣ ತುಂಬಿಸಿಕೊಟ್ಟರು. ಹಾಗಾಗಿ ನಾಳೆ ನಾನೇ ಬಂದು ಇಂಥದ್ದೊಂದು ಯೋಜನೆ ಹೇಳಿದರೂ ನೀವು ನನ್ನ ಮುಖ ನೋಡಿ ಹಣ ಕಟ್ಟಬೇಡಿ. ಯಾವ ಕಂಪನಿ ಕೊಡ್ತದೆ, ಆ ಕಂಪನಿಯ ಪತ್ರ ಎಲ್ಲಿ, ನಾವು ಕಟ್ಟುವ ಹಣ ಯಾರ ಖಾತೆಗೆ ಹೋಗ್ತದೆ ಅಂತ ಕೇಳಿ. ಕೊಡುವವನು ಕೊಡಲಿ, ಕೊಡುವುದಕ್ಕೆ ನಮ್ಮಿಂದ ಮುಂಗಡ ಎಂತಕ್ಕೆ?

ಇದರ ತಮ್ಮನ ಹಾಗೆ ಇನ್ನೊಂದು. ವಿದೇಶದ ಒಬ್ಬ ಶ್ರೀಮಂತ ವಿಧವೆ, ಅಥವಾ ಒಂದು ಟ್ರಸ್ಟು, ನಿಮ್ಮ ಸಂಘಕ್ಕೆ ಲಕ್ಷಗಟ್ಟಲೆ ಕಳಿಸ್ತದೆ, ಕಸ್ಟಮ್ಸ್ ಫೀ ಮಾತ್ರ ನೀವು ತುಂಬಿ ಅಂತ. ಇದಕ್ಕೆ ಕಾನೂನಿನ ಒಂದು ಮಾತು ಸಾಕು. ಹೊರದೇಶದ ದೇಣಿಗೆ ತೆಗೆದುಕೊಳ್ಳಬೇಕಾದರೆ ಸಂಸ್ಥೆಗೆ ಕೇಂದ್ರ ಗೃಹ ಇಲಾಖೆಯ ಎಫ್‌ಸಿಆರ್‌ಎ ಅನುಮತಿ ಬೇಕು. 2021ರಿಂದ ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿರುವ ಖಾತೆಗೇ ಬರಬೇಕು. ದೊಡ್ಡ ದೊಡ್ಡ ಸಂಸ್ಥೆಗಳೇ ಈ ಕಟ್ಟಳೆಯಲ್ಲಿ ಒದ್ದಾಡ್ತಾ ಇರುವಾಗ ಸಿದ್ದಾಪುರದ ಬ್ಯಾಂಕಿನಲ್ಲಿರುವ ನಿಮ್ಮ ಸಂಘದ ಉಳಿತಾಯ ಖಾತೆಗೆ ಲಂಡನ್ನಿನಿಂದ ನೇರ ದಾನ ಬರೋದಿಲ್ಲ ತಂಗೀ.

"ದಾನದ ಹಣ ನಿಮ್ಮ ಖಾತೆಗೆ ಹಾಕ್ತೇವೆ, ಸ್ವಲ್ಪ ನೀವು ಇಟ್ಕೊಂಡು ಉಳಿದದ್ದು ನಾವು ಹೇಳಿದವರಿಗೆ ಕಳಿಸಿ" ಅನ್ನುವವರೂ ಇದ್ದಾರೆ. ಅದು ಬೇರೆ ಯಾರಿಂದಲೋ ಕದ್ದ ಹಣ. ಪೊಲೀಸರು ಹುಡುಕಿಕೊಂಡು ಬರುವುದು ನಿಮ್ಮ ಮನೆಗೆ, ಬಂದ್ ಆಗುವುದು ನಿಮ್ಮ ಖಾತೆ. ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ ಯಾರಿಗೂ ಕೊಡಬೇಡಿ, ಸಂಬಂಧಿಕರಿಗೂ.

ಇಷ್ಟೆಲ್ಲ ಗೊತ್ತಿದ್ದೂ ಹಣ ಹೋಯಿತು ಅಂತ ಇಟ್ಟುಕೊಳ್ಳಿ. ಆ ಕ್ಷಣದಲ್ಲೇ 1930ಕ್ಕೆ ಫೋನ್ ಮಾಡಿ. ಸೈಬರ್ ಮೋಸದ ದೂರಿಗೆ ಇಡೀ ದೇಶಕ್ಕೆ ಇರುವ ನಂಬರು ಅದು. ಎಷ್ಟು ಹಣ, ಎಷ್ಟು ಗಂಟೆಗೆ, ಯಾವ ಬ್ಯಾಂಕಿನಿಂದ ಅಂತ ಕೇಳ್ತಾರೆ. ಹಣ ಕಳಿಸಿದ ಮೇಲೆ ಫೋನಿನಲ್ಲಿ ಬರುವ 12 ಅಂಕಿಯ ಯುಟಿಆರ್ ನಂಬರು ಹೇಳಬೇಕು. ಮೆಸೇಜು ಅಳಿಸಬೇಡಿ. ಬೇಗ ಹೇಳಿದರೆ ಆ ಹಣ ಮುಂದಿನ ಖಾತೆಗೆ ದಾಟುವ ಮೊದಲು ಬ್ಯಾಂಕಿನವರು ತಡೆಯಬಹುದು, ತಡ ಆದಷ್ಟೂ ಕಷ್ಟ. ನಿಮ್ಮ ಬ್ಯಾಂಕ್ ಶಾಖೆಗೂ ತಿಳಿಸಿ. ಹತ್ತಿರದ ಠಾಣೆಗೆ ಹೋಗಬಹುದು. ಜಿಲ್ಲೆಯ ಸಿಇಎನ್ ಠಾಣೆ ಕಾರವಾರದಲ್ಲಿದೆ. ಸಣ್ಣ ಮೊತ್ತ ಅಂತ ಸುಮ್ಮನಿರಬೇಡಿ, ನಿಮ್ಮ ಇನ್ನೂರರ ದೂರಿನಿಂದ ಆ ಖಾತೆ ಬಂದ್ ಆದರೆ ಇನ್ನೊಬ್ಬಳ ಇಪ್ಪತ್ತು ಸಾವಿರ ಉಳಿಯಬಹುದು.

ನಮ್ಮ ಎರಡನೇ ಪ್ರತಿನಿಧಿಯ ಹಣ ಸಿಗಲಿಲ್ಲ. ಎರಡು ತಿಂಗಳು ದಾಟಿ ನಾವು ಫೋನ್ ಮಾಡಿದ್ದು, ಆ ಖಾತೆ ಯಾವಾಗಲೋ ಖಾಲಿ. ಆ ಎರಡು ತಿಂಗಳು ತಿಂದದ್ದು ಕಳ್ಳನಲ್ಲ, ನಾಚಿಕೆ. ಹೇಳಿದರೆ ಗಂಡ ಬೈತಾನೆ, ಸಂಘದವರು ನಗ್ತಾರೆ ಅಂತ ಆಕೆ ಬಾಯಿ ಕಟ್ಟಿಕೊಂಡಿದ್ದಳು. ಸಂಘದ ಸಭೆಯಲ್ಲಿ ನಾನು ನಿಂತು, ಆ ಮೆಸೇಜು ಕಳಿಸಿದವಳು ನಾನು ಅಂತ ಹೇಳಿದೆ. ಅರ್ಧ ಹಣ ನಾನು ಕೊಡ್ತೇನೆ ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರಿಗಿಂತ ಹಿರಿಯರಾದ ಒಬ್ಬ ಅಮ್ಮ, ಓದು ಬರಹ ಬಾರದವರು, ಹೇಳಿದರು: "ಅದು ಬಂದಾಗ ನಾನೂ ಮೊಮ್ಮಗನ ಕೈಲಿ ಐವತ್ತು ಹಾಕ್ಸಿದ್ದೆ. ಹೇಳ್ಲಿಲ್ಲ." ಇನ್ನೊಬ್ಬಳು ನೂರು ಅಂದಳು. ಮತ್ತೊಬ್ಬಳು ಇನ್ನೂರು. ಹದಿನಾರು ಜನರ ಸಂಘದಲ್ಲಿ ಐದು ಜನ ಕೊಟ್ಟಿದ್ದರು, ಐದೂ ಜನ ಮುಚ್ಚಿಟ್ಟಿದ್ದರು.

ಉಳಿದ 1,700 ರೂಪಾಯಿಯನ್ನು ಆಕೆ ತಿಂಗಳಿಗೆ ನೂರರಂತೆ ತುಂಬಬೇಕು, ಬಡ್ಡಿ ಬೇಡ ಅಂತ ಠರಾವು ಆಯಿತು. ಸಂಘದ ಉಳಿತಾಯ ಇನ್ನು ಯಾರ ಸ್ವಂತ ಖಾತೆಗೂ ಬರಬಾರದು ಅಂತಲೂ ಬರೆದರು. ಆಕೆ ಈಗಲೂ ಎರಡನೇ ಪ್ರತಿನಿಧಿ. ಕಳೆದ ಮಳೆಗಾಲದಲ್ಲಿ ಅವರ ಊರಿನಲ್ಲೇ ಒಬ್ಬ ಸಿದ್ದಿ ಅಜ್ಜಿಯ ಮನೆಯ ಮಾಡು ಬಿತ್ತು. ಸಂಘದವರು ಸಭೆ ಸೇರಿ, ಠರಾವು ಬರೆದು, ಎರಡು ಸಾವಿರ ರೂಪಾಯಿಯ ಹಂಚು ತಂದು, ಅಜ್ಜಿಯ ಹೆಬ್ಬೆಟ್ಟು ತೆಗೆದುಕೊಂಡು ಕೊಟ್ಟರು. ಹಂಚು ಹೊತ್ತವರಲ್ಲಿ ಆಕೆಯೂ ಇದ್ದಳು.

ಚಹಾ ಬಂತು ಅಂತ ಕಾಣ್ತದೆ. ಕುಡಿದು ಬನ್ನಿ. ಮೊಬೈಲು ತಂದವರು ಇಲ್ಲೇ ಬಲಗಡೆ ಕೂತ್ಕೊಳ್ಳಿ. ಹಣ ಕಳಿಸುವಾಗ ಖಾತೆಯವರ ಹೆಸರು ಎಲ್ಲಿ ಬರ್ತದೆ, ಯುಟಿಆರ್ ನಂಬರು ಎಲ್ಲಿ ಸಿಗ್ತದೆ ಅಂತ ಕಾರ್ಯಕರ್ತೆಯರು ನಿಮ್ಮ ನಿಮ್ಮ ಫೋನಿನಲ್ಲೇ ತೋರಿಸ್ತಾರೆ. 1930 ನಂಬರನ್ನೂ ಅಲ್ಲೇ ಸೇವ್ ಮಾಡಿಸಿಕೊಳ್ಳಿ. ಯಲ್ಲಾಪುರದ ಕಡೆಯವರು ಮೊದಲು ಬನ್ನಿ, ನಿಮ್ಮ ಬಸ್ಸು ಬೇಗ.